ಕಂಪ್ರೆಸರ್ ಬದಲಿಸಿದ ವಿಸಿ ಕೂಲರ್ ರಾತ್ರಿ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಟ್ರಿಪ್ ಆಗುತ್ತೆ. ಗ್ಯಾಸ್ ಎಷ್ಟು ಹಾಕಬೇಕು?

ಗಂಜ್ ಹುಡುಗ (ಕಲಬುರಗಿ)

ಎಲ್ಲರಿಗೂ ಶರಣು. ನಾನು ಸ್ವಂತ ಕೆಲಸ ಶುರು ಮಾಡಿ ಒಂದು ವರ್ಷ ಆಯಿತು. ಮನೆ ಫ್ರಿಜ್, ಸ್ಪ್ಲಿಟ್ ಎಸಿ ಜಾಸ್ತಿ ಮಾಡಿದ್ದೇನೆ, ಅಂಗಡಿ ಕೂಲರ್ ಕಡಿಮೆ. ಈಗ ಒಂದು ಕೆಲಸದಲ್ಲಿ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ದಾರಿ ಹೇಳಿ.

ನೆಹರು ಗಂಜ್ ಕಡೆ ಒಂದು ಹಾಲು ಮೊಸರಿನ ಅಂಗಡಿ. ಅವರದು ಒಂದು ಬಾಗಿಲಿನ ಗಾಜಿನ ವಿಸಿ ಕೂಲರ್, ಸುಮಾರು 300 ಲೀಟರಿನದು. ಕಂಪ್ರೆಸರ್ ಸುಟ್ಟಿತ್ತು. ಅದೇ ಕಾಲು ಎಚ್‌ಪಿ, ಅದೇ 134ಎ ಗ್ಯಾಸಿನ ಹೊಸ ಕಂಪ್ರೆಸರ್ ತಂದು ಹಾಕಿದೆ. ರಿಲೇ, ಓವರ್‌ಲೋಡ್ (ಜಾಸ್ತಿ ಕಾದರೆ ಕರೆಂಟ್ ಕಡಿಯುವ ಸ್ವಿಚ್), ಕೆಪಾಸಿಟರ್ ಎಲ್ಲಾ ಹೊಸದರ ಜೊತೆ ಬಂದದ್ದೇ. ಡ್ರೈಯರ್ (ಪೈಪಿನೊಳಗಿನ ನೀರು, ಕಸ ಹಿಡಿಯುವ ಡಬ್ಬಿ) ಮಾತ್ರ ಹಳೆಯದನ್ನೇ ಬಿಟ್ಟೆ, ಅದನ್ನು ಹಾಕಿ ಎರಡು ವರ್ಷ ಆಗಿದೆ ಎಂದು ಮಾಲೀಕರು ಹೇಳಿದರು. ನನ್ನ ವ್ಯಾಕ್ಯೂಮ್ ಪಂಪ್ ರಿಪೇರಿಗೆ ಹೋಗಿತ್ತು. ಹಾಗಾಗಿ ಒಂದು ಹಳೆಯ ಫ್ರಿಜ್ ಕಂಪ್ರೆಸರಿನಿಂದ ಹತ್ತು ನಿಮಿಷ ಗಾಳಿ ಎಳೆದು ಗ್ಯಾಸ್ ಹಾಕಿದೆ. ಆಗ ಸಂಜೆ ಏಳು ಗಂಟೆ. ಸಕ್ಷನ್ ಗೇಜ್ (ಕಂಪ್ರೆಸರಿಗೆ ವಾಪಸ್ ಬರುವ ಗ್ಯಾಸಿನ ಪ್ರೆಶರ್ ತೋರಿಸುವುದು) 10 ಪಿಎಸ್‌ಐ ಬಂದಾಗ ನಿಲ್ಲಿಸಿದೆ, ನಾನು ಕಲಿತದ್ದು ಹಾಗೇ. ರಾತ್ರಿ ಒಂಬತ್ತಕ್ಕೆ ಒಳಗೆ 5 ಡಿಗ್ರಿ ಇತ್ತು. ಖುಷಿಯಿಂದ ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು. ಮೊಸರು ಬಿಸಿಯಾಗುತ್ತಿದೆ, ಬೇಗ ಬಾ ಎಂದರು. ಹೋಗಿ ನೋಡಿದರೆ ಒಳಗೆ 14 ಡಿಗ್ರಿ. ಹೊರಗೆ 43 ಇತ್ತು. ಗ್ಯಾಸ್ ಕಡಿಮೆ ಆಗಿರಬೇಕು ಅಂದುಕೊಂಡು ಸ್ವಲ್ಪ ಸೇರಿಸಿದೆ, ಆಗಲಿಲ್ಲ, ಇನ್ನೂ ಸ್ವಲ್ಪ ಸೇರಿಸಿದೆ, ಗೇಜ್ 25ಕ್ಕೆ ಬಂತು. ಆ ರಾತ್ರಿ ಸಕ್ಷನ್ ಪೈಪ್ ಮೇಲೆ ಕಂಪ್ರೆಸರ್ ತನಕ ಹಿಮ ಕೂತಿತ್ತು. ಈಗ ಮೂರು ದಿನದಿಂದ ಇದೇ ಕಥೆ. ರಾತ್ರಿ ತಣ್ಣಗೆ, ಮಧ್ಯಾಹ್ನ ಕಂಪ್ರೆಸರ್ ಮುಟ್ಟಲಾಗದಷ್ಟು ಕಾದು ಓವರ್‌ಲೋಡ್ ಬೀಳುತ್ತೆ, ಇಪ್ಪತ್ತು ನಿಮಿಷ ಬಿಟ್ಟು ತಾನೇ ಶುರುವಾಗುತ್ತೆ. ಕ್ಲಾಂಪ್ ಮೀಟರಿನಲ್ಲಿ 2.9 ಆಂಪ್ಸ್ ತೋರಿಸುತ್ತೆ. ಕಂಪ್ರೆಸರ್ ಚೀಟಿಯಲ್ಲಿ ಬರೆದದ್ದು 2.1.

ನಮ್ಮ ಕಡೆಯ ಈ ಬಿಸಿಲಿಗೆ 134ಎ ಎಷ್ಟು ಪ್ರೆಶರಿಗೆ ಹಾಕಬೇಕು? ಹೊಸ ಕಂಪ್ರೆಸರೇ ಡಿಫೆಕ್ಟ್ ಇರಬಹುದಾ? ಮಾಲೀಕರು ಒಳ್ಳೆಯವರು, ಇನ್ನೂ ಬೈದಿಲ್ಲ, ಆದರೆ ದಿನಾ ಎರಡು ಕ್ರೇಟ್ ಮೊಸರು ಪಕ್ಕದ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸುತ್ತಿದ್ದಾರೆ. ನನಗೆ ನಾಚಿಕೆ ಆಗುತ್ತಿದೆ.

ಬೀದರ್ ಕಾಕಾ

ತಮ್ಮಾ, ಮೊದಲು ಒಂದು ಕೆಲಸ ಮಾಡು. ಇನ್ನು ಒಂದು ಗ್ರಾಂ ಗ್ಯಾಸ್ ಕೂಡ ಸೇರಿಸಬೇಡ. ಕಂಪ್ರೆಸರ್ ಡಿಫೆಕ್ಟ್ ಅಲ್ಲ, ಆದರೆ ಇನ್ನೊಂದು ವಾರ ಹೀಗೇ ಓಡಿಸಿದರೆ ಅದು ಸುಟ್ಟೇ ಸುಡುತ್ತೆ.

ನೀನು ಕೇಳಿದ್ದು "ಎಷ್ಟು ಪ್ರೆಶರಿಗೆ ಹಾಕಬೇಕು" ಅಂತ. ಈ ಯಂತ್ರಕ್ಕೆ ಪ್ರೆಶರ್ ನೋಡಿ ಗ್ಯಾಸ್ ಹಾಕುವುದಲ್ಲ, ತೂಕ ಮಾಡಿ ಹಾಕುವುದು. ಕೂಲರ್ ಒಳಗಿನ ಗೋಡೆ ಮೇಲೋ ಹಿಂದಿನ ಹಾಳೆ ಮೇಲೋ ಒಂದು ಚೀಟಿ ಇರುತ್ತೆ, ಅದರಲ್ಲಿ ಗ್ಯಾಸಿನ ಹೆಸರು, ಪಕ್ಕದಲ್ಲೇ ಎಷ್ಟು ಗ್ರಾಂ ಅಂತ ಬರೆದಿರುತ್ತಾರೆ. ಅದೇ ನಿನ್ನ ಉತ್ತರ. ದೊಡ್ಡ ಎಸಿ ಪ್ಲಾಂಟಿನಲ್ಲಿ ಹೆಚ್ಚಾದ ಗ್ಯಾಸ್ ನಿಲ್ಲುವುದಕ್ಕೆ ರಿಸೀವರ್ ಇರುತ್ತೆ, ಬೇಕಾದಷ್ಟೇ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಇರುತ್ತೆ. ಇಲ್ಲಿ ಇರುವುದು ಒಂದು ಕ್ಯಾಪಿಲರಿ ಮಾತ್ರ, ಕೂದಲಿನಷ್ಟು ತೂತಿನ ತಾಮ್ರದ ಪೈಪ್. ಅದಕ್ಕೆ ಬುದ್ಧಿ ಇಲ್ಲ. ಹಿಂದಿನಿಂದ ಎಷ್ಟು ಒತ್ತಿದರೆ ಅಷ್ಟು ಬಿಡುತ್ತೆ. ಹೆಚ್ಚಾದ 40, 50 ಗ್ರಾಂ ಎಲ್ಲಿ ಹೋಗಿ ನಿಲ್ಲಬೇಕು ಹೇಳು? ಕಂಡೆನ್ಸರಿನ (ಬಿಸಿ ಹೊರಗೆ ಬಿಡುವ ಸುರುಳಿ) ಕೊನೆಯ ಸುತ್ತುಗಳಲ್ಲಿ ದ್ರವವಾಗಿ ತುಂಬಿಕೊಳ್ಳುತ್ತೆ, ಅಷ್ಟು ಕಂಡೆನ್ಸರ್ ಕೆಲಸಕ್ಕೆ ಬಾರದಂತಾಗುತ್ತೆ, ಪ್ರೆಶರ್ ಏರುತ್ತೆ. ರಾತ್ರಿ ತಂಪಾದಾಗ ಅದೇ ದ್ರವ ಇವಾಪೊರೇಟರ್ (ಒಳಗೆ ತಂಪು ಮಾಡುವ ಸುರುಳಿ) ದಾಟಿ ಸಕ್ಷನ್ ಪೈಪಿಗೆ ಬರುತ್ತೆ. ನೀನು ನೋಡಿದ ಹಿಮ ಅದೇ. ದ್ರವ ಕಂಪ್ರೆಸರ್ ಒಳಗೆ ಹೋದರೆ ಎಣ್ಣೆ ತೊಳೆದುಹೋಗುತ್ತೆ, ವಾಲ್ವ್ ಮುರಿಯುತ್ತೆ.

ಇನ್ನು ಗೇಜ್ ವಿಷಯ. 134ಎ ಗ್ಯಾಸಿಗೆ 10 ಪಿಎಸ್‌ಐ ಅಂದರೆ ಸುಮಾರು ಮೈನಸ್ 14 ಡಿಗ್ರಿ. 25 ಅಂದರೆ ಮೈನಸ್ 2ರ ಹತ್ತಿರ. ಗೇಜ್ ತೋರಿಸುವುದು ಇವಾಪೊರೇಟರ್ ಒಳಗೆ ಆ ಗಳಿಗೆಯಲ್ಲಿ ಎಷ್ಟು ತಣ್ಣಗಿದೆ ಅಂತ. ಒಳಗೆ ಬಿಸಿ ಬಾಟಲಿ ತುಂಬಿದ್ದರೆ ಒಂದು ಲೆಕ್ಕ, ಖಾಲಿ ಇದ್ದರೆ ಇನ್ನೊಂದು ಲೆಕ್ಕ, ಸಂಜೆ ಒಂದು, ನಡು ಮಧ್ಯಾಹ್ನ ಇನ್ನೊಂದು. ಸಂಜೆ ಏಳಕ್ಕೆ ಸಿಕ್ಕ 10 ಸರಿಯಾಗಿಯೇ ಇದ್ದಿರಬಹುದು. ಮರುದಿನ ತಣ್ಣಗಾಗದೇ ಇದ್ದದ್ದು ಗ್ಯಾಸ್ ಕಡಿಮೆ ಆಗಿ ಅಲ್ಲ ಅಂತ ನನಗೆ ಅನಿಸುತ್ತೆ.

ಅಂಗಡಿ ಗಂಜ್ ಹತ್ತಿರ ಅಂದೆ. ಕಂಡೆನ್ಸರ್ ನೋಡಿದೆಯಾ? ನಾನು ಆ ಕಡೆ ಕೆಲಸ ಮಾಡಿದ್ದೇನೆ. ತೊಗರಿ ಬೇಳೆ ಮಿಲ್ಲುಗಳ ಧೂಳು, ಹೊಟ್ಟು ಎಲ್ಲಾ ಗಾಳಿಯಲ್ಲೇ ಇರುತ್ತೆ. ಕೂಲರಿನ ಫ್ಯಾನ್ ಅದನ್ನು ಎಳೆದು ಕಂಡೆನ್ಸರ್ ರೆಕ್ಕೆಗಳ ನಡುವೆ ಕಂಬಳಿ ಹಾಗೆ ಕೂರಿಸುತ್ತೆ. ಮುಂದಿನಿಂದ ನೋಡಿದರೆ ಗೊತ್ತೇ ಆಗಲ್ಲ, ಟಾರ್ಚ್ ಹಾಕಿ ಹಿಂದಿನಿಂದ ನೋಡಬೇಕು. ಹಳೆ ಕಂಪ್ರೆಸರ್ ಯಾಕೆ ಸುಟ್ಟಿತು ಅಂತ ಯಾರಾದರೂ ಕೇಳಿದರಾ?

ಶಹಾಪುರ ಬೇಕರಿ

ನಾನು ಮೆಕ್ಯಾನಿಕ್ ಅಲ್ಲ, ಅಂಗಡಿಯವನು. ನಮ್ಮ ಕೂಲರಿಗೂ ಹೋದ ಬೇಸಿಗೆಯಲ್ಲಿ ಹೀಗೇ ಆಗಿತ್ತು. ಒಬ್ಬರು ಬಂದು ಎರಡು ತಿಂಗಳಲ್ಲಿ ಮೂರು ಸಲ ಗ್ಯಾಸ್ ಹಾಕಿ ಹೋದರು, ಪ್ರತಿ ಸಲ ದುಡ್ಡು. ಕೊನೆಗೆ ಬೇರೆಯವರು ಬಂದು ಬ್ರಷ್ ತಗೊಂಡು ಹಿಂದೆ ಕ್ಲೀನ್ ಮಾಡಿ, ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ಇಟ್ಟರು. ಅಷ್ಟೇ, ಅಲ್ಲಿಂದ ಸರಿ ಹೋಯಿತು. ನಮ್ಮದು ಒಲೆಯ ಪಕ್ಕದಲ್ಲೇ ಇತ್ತು, ಆ ಜಾಗವನ್ನೂ ಬದಲಿಸಿದೆವು. ವೋಲ್ಟೇಜ್ ಕೂಡ ನೋಡಿ, ನಮ್ಮಲ್ಲಿ ಮಧ್ಯಾಹ್ನ 180ಕ್ಕೆ ಇಳಿಯುತ್ತೆ, ಸ್ಟೆಬಿಲೈಸರ್ ಇಲ್ಲದೆ ಆಗಲ್ಲ.

ಗಂಜ್ ಹುಡುಗ (ಕಲಬುರಗಿ)

ಕಾಕಾ, ಈಗಷ್ಟೇ ಅಂಗಡಿಯಿಂದ ಬಂದೆ. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಟಾರ್ಚ್ ಹಾಕಿದೆ, ಇನ್ನೊಂದು ಕಡೆ ಬೆಳಕೇ ಬರಲಿಲ್ಲ. ಕೈಯಿಂದ ತೆಗೆದರೆ ಬೂದು ಬಣ್ಣದ ಹಾಸು ಹಾಗೇ ಎದ್ದು ಬಂತು. ಹೊಸ ಕಂಪ್ರೆಸರ್ ಹಾಕುವಾಗ ನಾನು ಅದರ ಪಕ್ಕದಲ್ಲೇ ಎರಡು ಗಂಟೆ ಕೂತಿದ್ದೆ, ಕಣ್ಣಿಗೆ ಬೀಳಲಿಲ್ಲ. ಮಾಲೀಕರು ಬೆಳಗ್ಗೆ ಅಂಗಡಿ ತಡವಾಗಿ ತೆರೆಯಲು ಒಪ್ಪಿದ್ದಾರೆ, ಬ್ಲೋವರ್ ತಗೊಂಡು ಹೋಗುತ್ತೇನೆ. ವೋಲ್ಟೇಜ್ ನೋಡಿದೆ, 215 ಇದೆ.

ಚೀಟಿಯೂ ಸಿಕ್ಕಿತು, ಬಾಗಿಲಿನ ಒಳಗಡೆ ಮೇಲೆ ಇತ್ತು. ಆರ್-134ಎ, 220 ಗ್ರಾಂ. ನಾನು ಎಷ್ಟು ಹಾಕಿದ್ದೇನೆ ಅಂತ ನನಗೇ ಗೊತ್ತಿಲ್ಲ. ಈಗ ಕಂಡೆನ್ಸರ್ ಕ್ಲೀನ್ ಮಾಡಿ ಹೆಚ್ಚಾದ ಗ್ಯಾಸ್ ಸ್ವಲ್ಪ ಬಿಟ್ಟರೆ ಸಾಕಾ?

ಹುಮನಾಬಾದಿನವ

ನಾನು ಇಪ್ಪತ್ತು ವರ್ಷದಿಂದ ಗೇಜ್ ನೋಡಿ, ಕೈಯಿಂದ ಸಕ್ಷನ್ ಪೈಪ್ ಮುಟ್ಟಿ ಗ್ಯಾಸ್ ಹಾಕುತ್ತಾ ಬಂದಿದ್ದೇನೆ, ದೇವರ ದಯದಿಂದ ಮಷೀನುಗಳು ಓಡುತ್ತಿವೆ. ಹಳೇ ಕೂಲರುಗಳಲ್ಲಿ ಚೀಟಿಯೇ ಇರಲ್ಲ, ಕಂಡೆನ್ಸರ್ ಬೇರೆ ಹಾಕಿರುತ್ತಾರೆ, ಕ್ಯಾಪಿಲರಿ ಬದಲಾಗಿರುತ್ತೆ. ಆಗ ತೂಕ ಎಲ್ಲಿಂದ ತರುವುದು? ತಮ್ಮಾ, ಪೂರ್ತಿ ಬಿಚ್ಚಬೇಡ. ಸ್ವಲ್ಪ ಸ್ವಲ್ಪ ಬಿಟ್ಟು, ಹಿಮ ಕಂಪ್ರೆಸರಿನಿಂದ ಹಿಂದೆ ಸರಿದು ಕ್ಯಾಬಿನೆಟ್ ಹತ್ತಿರ ಬರೀ ಬೆವರು ನಿಲ್ಲುವ ತನಕ ತಾ. ಆಂಪ್ಸ್ ಚೀಟಿಯ ಲೆಕ್ಕಕ್ಕೆ ಇಳಿದರೆ ಮುಗಿಯಿತು.

ಐಟಿಐ ಯಾದಗಿರಿ

ಹುಮನಾಬಾದಿನ ಅಣ್ಣನವರ ಮಾತನ್ನು ನಾನು ತಳ್ಳಿಹಾಕಲ್ಲ. ಚೀಟಿ ಇಲ್ಲದ ಮಷೀನಿಗೆ ಅದೇ ದಾರಿ, ಹುಡುಗರಿಗೆ ನಾನೂ ಹೇಳಿಕೊಡುತ್ತೇನೆ: ಒಳಗೆ ಮಾಲು ತುಂಬಿ, ನಡು ಮಧ್ಯಾಹ್ನ, ಹತ್ತತ್ತು ಗ್ರಾಂ ಸೇರಿಸುತ್ತಾ, ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ ಕಾಯುತ್ತಾ ಹೋಗಬೇಕು. ಆದರೆ ಈ ಮಷೀನಿನಲ್ಲಿ ಅದು ಕೆಲಸ ಮಾಡಲ್ಲ, ಯಾಕೆಂದರೆ ಒಳಗೆ ಇರುವುದು ಬರೀ ಗ್ಯಾಸ್ ಅಲ್ಲ. ಹಳೆ ಕಂಪ್ರೆಸರಿನಿಂದ ಹತ್ತು ನಿಮಿಷ ಎಳೆದದ್ದು ವ್ಯಾಕ್ಯೂಮ್ ಅಲ್ಲ. ಆಮೇಲೆ ಎರಡು ಸಲ ಗ್ಯಾಸ್ ಸೇರಿಸಿದಾಗ ಚಾರ್ಜಿಂಗ್ ಪೈಪಿನ ಗಾಳಿ ಮೊದಲು ಹೊರಗೆ ಬಿಟ್ಟಿರಾ? ಇಲ್ಲದಿದ್ದರೆ ಪ್ರತಿ ಸಲ ಒಂದು ಪೈಪ್ ಗಾಳಿ ಒಳಗೆ ಹೋಗಿದೆ.

ಗಾಳಿ ಇದೆಯೋ ಇಲ್ಲವೋ ಅಂತ ಊಹೆ ಮಾಡುವುದು ಬೇಡ, ಗೇಜ್ ಹೇಳುತ್ತೆ. ರಾತ್ರಿ ಅಂಗಡಿ ಮುಚ್ಚುವಾಗ ಮಾಲು ತೆಗೆಸಿ, ಕೂಲರ್ ಆಫ್ ಮಾಡಿ, ಬಾಗಿಲು ತೆರೆದು ಬಿಡಿ. ಬೆಳಗ್ಗೆ ಇಡೀ ಮಷೀನು ಕೋಣೆಯ ಬಿಸಿಗೆ ಬಂದಿರುತ್ತೆ. ಆಗ ಗೇಜ್ ಕಟ್ಟಿ. 134ಎ ಒಂದೇ ಇದ್ದರೆ 30 ಡಿಗ್ರಿಗೆ 97 ಪಿಎಸ್‌ಐ ದಾಟಲು ಸಾಧ್ಯವೇ ಇಲ್ಲ. ಕಡಿಮೆ ಇರಬಹುದು, ಅದರಿಂದ ಏನೂ ತೀರ್ಮಾನ ಆಗಲ್ಲ, ಸಣ್ಣ ಮಷೀನಿನಲ್ಲಿ ಪೂರ್ತಿ ಆವಿಯಾಗಿಬಿಡುತ್ತೆ. ಆದರೆ ಜಾಸ್ತಿ ತೋರಿಸಿದರೆ ಆ ಜಾಸ್ತಿ ಗಾಳಿಯದೇ. ಗಾಳಿ ಕಂಡೆನ್ಸರಿನಲ್ಲಿ ಹೋಗಿ ಕೂರುತ್ತೆ, ದ್ರವ ಆಗಲ್ಲ, ಜಾಗ ಬಿಡಲ್ಲ. ಎಷ್ಟು ಗ್ಯಾಸ್ ಬಿಟ್ಟರೂ ಅದು ಒಳಗೇ ಇರುತ್ತೆ.

ಇನ್ನೊಂದು, ಹಳೆ ಕಂಪ್ರೆಸರ್ ಸುಟ್ಟಿತ್ತು ಅಂದಿರಿ. ಎಣ್ಣೆ ಕಪ್ಪಾಗಿತ್ತಾ? ವೈಂಡಿಂಗ್ ಸುಟ್ಟರೆ ಆಮ್ಲ ಆಗುತ್ತೆ, ಅದು ಪೈಪುಗಳಲ್ಲಿ ಉಳಿದಿರುತ್ತೆ. ಹೊಸ ಕಂಪ್ರೆಸರಿಗೆ ಹಳೆ ಡ್ರೈಯರ್ ಬಿಡುವುದು ತಪ್ಪು. ಸಿಸ್ಟಮ್ ಬಿಚ್ಚಿದ ಪ್ರತಿ ಸಲವೂ ಹೊಸದು ಹಾಕಬೇಕು. 134ಎ ಜೊತೆ ಬರುವ ಪಿಒಇ ಎಣ್ಣೆ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತೆ, ಅದಕ್ಕೇ ಕಂಪ್ರೆಸರಿನ ರಬ್ಬರ್ ಬಿರಡೆ ತೆಗೆದ ಮೇಲೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ತೆರೆದಿಡಬೇಡಿ ಅನ್ನುವುದು. ಬ್ರೇಜಿಂಗಿಗೆ (ಬೆಂಕಿಯಿಂದ ಪೈಪ್ ಬೆಸೆಯುವುದಕ್ಕೆ) ಎಲ್ಲಾ ಸಿದ್ಧ ಮಾಡಿಕೊಂಡು ಕೊನೆಗೆ ಬಿರಡೆ ತೆಗೆಯಿರಿ.

ಹೊಸ ಕಂಪ್ರೆಸರ್ ಚೀಟಿಯಲ್ಲಿ ಎಲ್‌ಬಿಪಿ (ಕಡಿಮೆ ಸಕ್ಷನ್ ಪ್ರೆಶರಿನದು) ಇದೆಯೋ ಎಂಬಿಪಿ (ನಡುವಿನ ಪ್ರೆಶರಿನದು) ಇದೆಯೋ ಅದನ್ನೂ ನೋಡಿ. ಡೀಪ್ ಫ್ರೀಜರಿಗೆ ಮಾತ್ರ ಅಂತ ಮಾಡಿದ ಎಲ್‌ಬಿಪಿ ಕಂಪ್ರೆಸರ್ ವಿಸಿ ಕೂಲರಿನ ಲೋಡಿಗೆ ಬೇಸಿಗೆಯಲ್ಲಿ ನಿಲ್ಲಲ್ಲ.

ಗಂಜ್ ಹುಡುಗ (ಕಲಬುರಗಿ)

ಸರ್, ಎಂಬಿಪಿ ಇದೆ, ನೋಡಿದೆ. ಎಣ್ಣೆ ಕಪ್ಪಾಗಿತ್ತು, ಸುಟ್ಟ ವಾಸನೆಯೂ ಇತ್ತು. ಪೈಪಿನ ಗಾಳಿ ಬಿಟ್ಟಿರಲಿಲ್ಲ, ಅದು ನನ್ನ ತಪ್ಪು.

ಬೆಳಗ್ಗೆ ಆರಕ್ಕೆ ಹೋಗಿ ಗೇಜ್ ಕಟ್ಟಿದೆ. ಕೋಣೆ 30 ಡಿಗ್ರಿ. ಗೇಜ್ 105.

ಪೂರ್ತಿ ಬಿಚ್ಚುತ್ತೇನೆ. ಪಂಪ್ ರಿಪೇರಿ ಆಗಿ ನಾಳೆ ಬರುತ್ತೆ. ಒಂದೊಂದಾಗಿ ಹೇಗೆ ಮಾಡಬೇಕು ಹೇಳಿ. ನನ್ನ ಹತ್ತಿರ ಗ್ಯಾಸ್ ತೂಕ ಮಾಡುವ ಸ್ಕೇಲ್ ಇಲ್ಲ, ಅದರ ಬೆಲೆ ಈಗ ನನಗೆ ಆಗಲ್ಲ.

ಬೀದರ್ ಕಾಕಾ

105 ನೋಡಿದ ಮೇಲೆ ಮಾತೇ ಇಲ್ಲ, ಬಿಚ್ಚು. ಹಾಗಂತ ಗ್ಯಾಸನ್ನು ಬೀದಿಗೆ ಬಿಡಬೇಡ. 134ಎ ಒಂದು ಕಿಲೋ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ 1430 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯುತ್ತೆ. ಮತ್ತೆ ತುಂಬಲು ಬರುವ ಗಟ್ಟಿ ಸಿಲಿಂಡರ್ ಒಂದನ್ನು ವ್ಯಾಕ್ಯೂಮ್ ಮಾಡಿ, ಐಸ್ ನೀರಿನ ಬಕೆಟ್ಟಿನಲ್ಲಿ ಇಟ್ಟು ಪೈಪ್ ಜೋಡಿಸು. ತಣ್ಣಗಿರುವ ಕಡೆಗೆ ಗ್ಯಾಸ್ ತಾನೇ ಹೋಗುತ್ತೆ. ಮುಂಚೆ, ಆಮೇಲೆ ಸಿಲಿಂಡರ್ ತೂಕ ಮಾಡಿದರೆ ಎಷ್ಟು ಹಾಕಿದ್ದೆ ಅನ್ನುವುದೂ ಗೊತ್ತಾಗುತ್ತೆ. ಒಮ್ಮೆ ಬಳಸಿ ಬಿಸಾಡುವ ಡಬ್ಬಿಗೆ ಮಾತ್ರ ಯಾವತ್ತೂ ತುಂಬಬೇಡ. ಈ ಗ್ಯಾಸನ್ನು ತಿರುಗಿ ಬಳಸುವುದೂ ಬೇಡ, ಗಾಳಿ ಆಮ್ಲ ಎರಡೂ ಸೇರಿದೆ.

ಆಮೇಲೆ ಡ್ರೈಯರ್ ಕತ್ತರಿಸು, ಬೆಂಕಿ ಹಾಕಿ ಬಿಡಿಸಬೇಡ, ಕಾಯಿಸಿದರೆ ಅದರಲ್ಲಿನ ನೀರು ಪೈಪಿಗೆ ಹೋಗುತ್ತೆ. ಪೈಪುಗಳನ್ನು ನೈಟ್ರೋಜನ್‌ನಿಂದ ಊದು. ಬಿಳಿ ಬಟ್ಟೆ ಹಿಡಿದು ನೋಡು, ಕಪ್ಪು ಬರುವುದು ನಿಲ್ಲುವ ತನಕ. ಹೊಸ ಡ್ರೈಯರನ್ನು ಕ್ಯಾಪಿಲರಿ ಕಡೆ ಕೆಳಗೆ ಬರುವ ಹಾಗೆ ನಿಲ್ಲಿಸಿ ಹಾಕು. ಕ್ಯಾಪಿಲರಿ ಒಳಗಿನ ಜಾಲರಿಗೆ ತಾಗಬಾರದು, ತೀರಾ ಹೊರಗೂ ಇರಬಾರದು, ಬ್ರೇಜಿಂಗ್ ಅದರ ಬಾಯಿ ಮುಚ್ಚಿಬಿಡುತ್ತೆ. ಲೀಕ್ ನೋಡಲು ನೈಟ್ರೋಜನ್ 150 ಪಿಎಸ್‌ಐ ತುಂಬಿ ಸೋಪ್ ನೀರು ಹಚ್ಚು. ನಮ್ಮ ಹುಡುಗರು ಕೆಲವರು ವೆಲ್ಡಿಂಗಿನ ಆಕ್ಸಿಜನ್ ತುಂಬುತ್ತಾರೆ ಅಂತ ಕೇಳಿದ್ದೇನೆ. ದಯವಿಟ್ಟು, ದಯವಿಟ್ಟು ಬೇಡ. ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಕಂಪ್ರೆಸರ್ ಬಾಂಬ್ ಆಗುತ್ತೆ, ಜೀವ ಹೋಗುತ್ತೆ.

ವ್ಯಾಕ್ಯೂಮ್ ಕನಿಷ್ಠ ಮುಕ್ಕಾಲು ಗಂಟೆ. ಮೈಕ್ರಾನ್ ಗೇಜ್ (ವ್ಯಾಕ್ಯೂಮ್ ಸರಿಯಾಗಿ ಅಳೆಯುವುದು) ಸಿಕ್ಕರೆ 500ರ ಕೆಳಗೆ ಹೋಗಬೇಕು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲಬೇಕು. ಒಂದು ವಿಷಯ, ಮಾಮೂಲಿ ಗೇಜಿನಲ್ಲಿ ಮುಳ್ಳು 30 ಇಂಚಿಗೆ ಹೋಗಲಿಲ್ಲ ಅಂತ ಪಂಪಿನ ಮೇಲೆ ಸಂಶಯ ಪಡಬೇಡ. ನಿಮ್ಮ ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಒತ್ತಡವೇ ಕಡಿಮೆ, ಪೂರ್ತಿ ವ್ಯಾಕ್ಯೂಮ್ ಅಂದರೂ 28 ಚಿಲ್ಲರೆ ಇಂಚು. ಬೀದರ್ ಇನ್ನೂ ಎತ್ತರ, ನಮಗೆ ಅಷ್ಟೂ ತೋರಿಸಲ್ಲ. ನಾನು ಇದು ಗೊತ್ತಿಲ್ಲದೆ ಒಂದು ಒಳ್ಳೆಯ ಪಂಪನ್ನು ಎರಡು ಸಲ ಬಿಚ್ಚಿಸಿದ್ದೆ.

ಸ್ಕೇಲ್ ಚಿಂತೆ ಬೇಡ. 450 ಗ್ರಾಮಿನ 134ಎ ಡಬ್ಬಿ ಸಿಗುತ್ತಲ್ವಾ, ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಡು, ಒಂದು ಗ್ರಾಂ ತೋರಿಸುವುದು ಕೆಲವು ನೂರು ರೂಪಾಯಿಗೆ ಬರುತ್ತೆ. ಪೈಪ್ ಜೋಡಿಸಿ, ಗಾಳಿ ಬಿಟ್ಟು, ಆಮೇಲೆ ತೂಕ ಬರೆದುಕೋ. ಪೈಪ್ ಎಳೆದಾಡಿದರೆ ತೂಕ ತಪ್ಪುತ್ತೆ, ಎಲ್ಲಾದರೂ ಕಟ್ಟಿಬಿಡು. ಡಬ್ಬಿ ನೆಟ್ಟಗೇ ಇರಲಿ, ಆವಿಯೇ ಹೋಗಲಿ. ಕಂಪ್ರೆಸರ್ ಆಫ್ ಇದ್ದಾಗ ವ್ಯಾಕ್ಯೂಮ್ ತಾನೇ ಎಳೆದುಕೊಳ್ಳುತ್ತೆ, ಉಳಿದದ್ದನ್ನು ಆನ್ ಮಾಡಿ ನಿಧಾನ ಕೊಡು. 220 ಆದಾಗ ವಾಲ್ವ್ ಮುಚ್ಚು. ಆಗ ಗೇಜ್ ಏನು ತೋರಿಸಿದರೂ ಕೈ ಹಾಕಬೇಡ.

ಐಟಿಐ ಯಾದಗಿರಿ

ಕಾಕಾ ಎಲ್ಲಾ ಹೇಳಿದ್ದಾರೆ. ಈ ಥ್ರೆಡ್ ಬೇರೆ ಹುಡುಗರೂ ಓದುತ್ತಾರೆ ಅಂತ ಒಂದು ಮಾತು ಸೇರಿಸುತ್ತೇನೆ. ಇದೆಲ್ಲಾ 134ಎ ಲೆಕ್ಕ. ಈಗ ಬರುವ ಹೊಸ ಕೂಲರುಗಳಲ್ಲಿ ಆರ್-290 ಅಥವಾ ಆರ್-600ಎ ಇರುತ್ತೆ, ಚೀಟಿ ಮೇಲೆ ಬೆಂಕಿಯ ಗುರುತು ಇರುತ್ತೆ. 290 ಅಂದರೆ ಪ್ರೊಪೇನ್, 600ಎ ಅಂದರೆ ಐಸೊಬ್ಯುಟೇನ್, ಎರಡೂ ಹತ್ತಿಕೊಳ್ಳುವ ಗ್ಯಾಸ್. ಅವುಗಳ ತೂಕ ಇನ್ನೂ ಕಡಿಮೆ, ಐದು ಗ್ರಾಂ ತಪ್ಪಿದರೂ ಗೊತ್ತಾಗುತ್ತೆ. ಅಲ್ಲಿ ಗ್ಯಾಸ್ ಇರುವಾಗ ಬ್ರೇಜಿಂಗ್ ಬೆಂಕಿ ಹಿಡಿಯಬಾರದು. ಹಾಗೆಯೇ 134ಎ ಮಷೀನಿಗೆ ಅಡುಗೆ ಸಿಲಿಂಡರಿನ ಗ್ಯಾಸ್ ತುಂಬಿ ಕಡಿಮೆ ದುಡ್ಡಿಗೆ ಕೆಲಸ ಮುಗಿಸುವವರು ಇದ್ದಾರೆ. ಆ ಕೂಲರಿನ ರಿಲೇ, ಥರ್ಮೋಸ್ಟ್ಯಾಟ್, ಲೈಟ್ ಸ್ವಿಚ್ ಯಾವುದೂ ಅದಕ್ಕೆಂದು ಮಾಡಿದ್ದಲ್ಲ, ಒಂದು ಕಿಡಿ ಸಾಕು. ಅಂಗಡಿಯಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ.

ಗಂಜ್ ಹುಡುಗ (ಕಲಬುರಗಿ)

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ಬೆಳಗ್ಗೆ ಐದೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದೆ.

ಐಸ್ ಬಕೆಟ್ ಸಿಲಿಂಡರಿಗೆ 270 ಗ್ರಾಂ ಬಂತು, ಒಳಗೆ ಉಳಿದದ್ದು ಬೇರೆ. ಅಂದರೆ 300ರ ಹತ್ತಿರ ಹಾಕಿದ್ದೆ. ನೈಟ್ರೋಜನ್ ಊದಿದಾಗ ಮೊದಲು ಬಟ್ಟೆ ಮೇಲೆ ಕಾಡಿಗೆ ಹಾಗೆ ಬಂತು, ನಾಲ್ಕನೇ ಸಲಕ್ಕೆ ಬಿಳಿ ಆಯಿತು. ಹಳೆ ಡ್ರೈಯರ್ ಕತ್ತರಿಸಿ ಸುರಿದೆ, ಕಾಳುಗಳ ಮೇಲೆಲ್ಲಾ ಕಪ್ಪು. ಕಂಡೆನ್ಸರ್ ಬಳಿಯ ಒಂದು ಬ್ರೇಜಿಂಗಿನಲ್ಲಿ ಸಣ್ಣ ಗುಳ್ಳೆ ಬಂತು, ಅದು ನನ್ನದೇ ಜಾಯಿಂಟ್, ಮತ್ತೆ ಮಾಡಿದೆ. ವ್ಯಾಕ್ಯೂಮ್ ಒಂದು ಗಂಟೆ ಕೊಟ್ಟೆ, ಮುಳ್ಳು 28ರ ಮೇಲೆ ನಿಂತಿತು, ಕಾಕಾ ಹೇಳದೇ ಇದ್ದರೆ ಪಂಪ್ ವಾಪಸ್ ಕೊಡುತ್ತಿದ್ದೆ. ಅಮ್ಮನ ತಕ್ಕಡಿ ತಗೊಂಡು ಹೋಗಿದ್ದೆ. ಸರಿಯಾಗಿ 220.

ಕೈ ತುಂಬಾ ಕಡಿಯಿತು ಗೇಜ್ ನೋಡಿ. ಮೊದಲು 30ರ ಮೇಲೆ ಇತ್ತು, ಒಳಗೆ ಬಿಸಿ ಇತ್ತಲ್ಲ. ಸುಮ್ನೆ ಕೂತೆ. ಎರಡು ಗಂಟೆಯಲ್ಲಿ ತಾನೇ ಇಳಿಯುತ್ತಾ ಬಂತು. ಮಧ್ಯಾಹ್ನ ಮೂರಕ್ಕೆ ಹೊರಗೆ 42, ಕಂಡೆನ್ಸರಿನ ನಡುವಿನ ತಿರುವಿಗೆ ಥರ್ಮಾಮೀಟರ್ ಕಟ್ಟಿ ನೋಡಿದರೆ 56, ಸಕ್ಷನ್ 16 ಪಿಎಸ್‌ಐ, ಆಂಪ್ಸ್ 1.9. ಒಳಗೆ 5 ಡಿಗ್ರಿ. ಸಕ್ಷನ್ ಪೈಪ್ ಮೇಲೆ ಬೆವರು ಮಾತ್ರ, ಹಿಮ ಇಲ್ಲ. ಇವತ್ತೂ ಮಧ್ಯಾಹ್ನ ಹೋಗಿ ನೋಡಿದೆ, ಹಾಗೇ ಇದೆ.

ಪಿನ್ ವಾಲ್ವ್ (ಗ್ಯಾಸ್ ತುಂಬುವ ಬಾಯಿ) ಹಾಗೇ ಬಿಟ್ಟಿದ್ದೇನೆ, ಕ್ಯಾಪ್ ಹಾಕಿದ್ದೇನೆ. ಅದನ್ನು ಪಿಂಚ್ ಮಾಡಿ ಸೀಲ್ ಮಾಡಬೇಕಾ?

ಹುಮನಾಬಾದಿನವ

ಮಾಡು. ಪಿನ್ ವಾಲ್ವ್ ರಬ್ಬರ್ ಎರಡು ಬೇಸಿಗೆಗೆ ಒಣಗಿ ಸೋರುತ್ತೆ, 220 ಗ್ರಾಮಿನಲ್ಲಿ 30 ಹೋದರೆ ಮತ್ತೆ ನಿನಗೇ ಫೋನ್ ಬರುತ್ತೆ. ಪಿಂಚ್ ಪ್ಲಯರ್‌ನಿಂದ ಎರಡು ಕಡೆ ಒತ್ತಿ, ಪ್ಲಯರ್ ಹಾಗೇ ಹಿಡಿದಿರುವಾಗಲೇ ತುದಿ ಕತ್ತರಿಸಿ ಬ್ರೇಜ್ ಮಾಡು, ಆಮೇಲೆ ಸೋಪ್ ನೀರು. ಅಂದಹಾಗೆ ನಾನೂ ಒಂದು ತಕ್ಕಡಿ ತರಿಸಿದೆ, ನಾಳೆ ಚಿಟಗುಪ್ಪದಲ್ಲಿ ಒಂದು ಕೂಲರ್ ಇದೆ, ಅದರ ಚೀಟಿ ಇನ್ನೂ ಚೆನ್ನಾಗಿದೆ.

ಬೀದರ್ ಕಾಕಾ

ಚೆನ್ನಾಗಿ ಮಾಡಿದೆ ತಮ್ಮಾ. ಮಾಲೀಕರಿಗೆ ಒಂದು ಮೆತ್ತನೆಯ ಬ್ರಷ್ ಕೊಟ್ಟು, ತಿಂಗಳಿಗೆ ಎರಡು ಸಲ ಪ್ಲಗ್ ತೆಗೆದು ಕಂಡೆನ್ಸರ್ ಹೇಗೆ ಗುಡಿಸಬೇಕು ಅಂತ ತೋರಿಸಿ ಬಾ. ತೊಗರಿ ಬರುವ ಕಾಲದಲ್ಲಿ, ಡಿಸೆಂಬರಿನಿಂದ ಮಾರ್ಚ್ ತನಕ, ವಾರಕ್ಕೊಮ್ಮೆ.